ಮಳೆಗಾಲದ ಪತ್ರ ಈ ಸಲ ನಾನೇ ಬರೆದೆ

ವಿಲೆ ಪಾರ್ಲೆ, ಮುಂಬೈ
ಮಂಗಳವಾರ, ೧ ಜುಲೈ ೨೦೨೫

ಪ್ರೀತಿಯ ಅನಿಲಕುಮಾರ ಅವರಿಗೆ,

ಮದುವೆಯಾಗಿ ಮೂವತ್ತು ವರ್ಷದಲ್ಲಿ ನಿಮ್ಮನ್ನು ಹೆಸರು ಹಿಡಿದು ಕರೆಯುತ್ತಿರುವುದು ಇದೇ ಮೊದಲು. ಎದುರಿಗಿಲ್ಲವಲ್ಲ, ಧೈರ್ಯ ಬಂದಿದೆ. ಮೊಣಕಾಲು ನೋವು ಹೇಗಿದೆ? ಜಮಖಂಡಿಯಲ್ಲಿ ಮಳೆ ಹಿಡಿದಿದೆಯೇ? ಬಿಪಿ ಗುಳಿಗೆ ತಪ್ಪಿಸುವುದಿಲ್ಲವೆಂದು ನಿಮ್ಮ ಅಕ್ಕ ಸುಂದ್ರವ್ವ ಫೋನಿನಲ್ಲಿ ಹೇಳಿದರು. ಫೋನು ನಿಮ್ಮ ಕೈಗೆ ಕೊಡಿ ಅಂದರೆ ಮಾತ್ರ, "ಅಂವ ಬ್ಯಾಡ ಅಂತಾನವಾ" ಅಂತ ಫೋನು ಇಟ್ಟುಬಿಡುತ್ತಾರೆ. ಅದಕ್ಕೇ ಈ ಪತ್ರ. ನಾನು ಆರಾಮ ಇದ್ದೇನೆ. ಒಬ್ಬಳಿಗೆ ಅಡುಗೆ ಮಾಡುವುದು ಇನ್ನೂ ಕೈಗೆ ಹತ್ತಿಲ್ಲ. ಎರಡೇ ಭಕ್ಕರಿ ತಟ್ಟಿದರೂ ಒಂದು ಉಳಿಯುತ್ತದೆ. ವಿಮಾನ ಬಿಲ್ಡಿಂಗ್ ಮೇಲಿಂದ ಹೋಗುವಾಗ ಮಾತು ನಿಲ್ಲಿಸಿ ಕಾಯುತ್ತಿದ್ದಿರಿ. ಈಗ ವಿಮಾನ ಹೋದ ಮೇಲೂ ಮನೆಯಲ್ಲಿ ಮಾತಿಲ್ಲ. ನಿಮ್ಮ ಕ್ಯಾಮೆರಾಗಳಿಗೆ ಬೂಷ್ಟು ಹಿಡಿಯಬಾರದೆಂದು ವಾರಕ್ಕೊಮ್ಮೆ ತೆಗೆದು ಒರೆಸಿಡುತ್ತೇನೆ.

ಸುದ್ದಿ ಏನೆಂದರೆ, ಮಾಟುಂಗದ ನಮ್ಮ ಫೋಟೋ ಕ್ಲಬ್ಬು ಮುಚ್ಚುವುದರಲ್ಲಿತ್ತು. ಋತುವಿಗೊಂದು ಪತ್ರ ಬರೆದು, ಜೆರಾಕ್ಸ್ ಮಾಡಿಸಿ, ಒಬ್ಬೊಬ್ಬರ ಕೈಗೂ ಕೊಟ್ಟು ಹುರುಪು ತುಂಬುತ್ತಿದ್ದವರು ನೀವು. ನೀವು ಹೋದ ಮೇಲೆ ಬರುವವರು ಕಡಿಮೆಯಾದರು. ಹೋದ ಮಳೆಗಾಲದ ನೆನಪು ತೆಗೆದರೆ ನಿಮಗೆ ನೋವಾಗುತ್ತದೆ, ಗೊತ್ತು. "ಮಳೆಗೆ ಹೆದರಬೇಡಿ, ಭರತದ ಹೊತ್ತಿಗೆ, ನೀರು ಏರುವಾಗ, ಸಮುದ್ರದ ಹತ್ತಿರ ಹೋಗಿ ನಿಲ್ಲಿ" ಎಂದು ನೀವು ಬರೆದಿರಿ. ಮರುವಾರವೇ ನಮ್ಮ ಕ್ಲಬ್ಬಿನ ದೂಜಣ್ಣ ಬಾಂದ್ರಾದ ಬಂಡೆಗಳ ಮೇಲೆ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಆಸ್ಪತ್ರೆಯಲ್ಲಿ ನರ್ಸು ಅವರ ಜೇಬಿನಿಂದ ತೆಗೆದುಕೊಟ್ಟದ್ದು ಒದ್ದೆಯಾದ ನಿಮ್ಮ ಪತ್ರ. ಅದನ್ನು ನೋಡಿದ ಮೇಲೆ ನೀವು ಪೆನ್ನು ಹಿಡಿಯಲಿಲ್ಲ, ಕ್ಯಾಮೆರಾ ಮುಟ್ಟಲಿಲ್ಲ. ಹದಿನೈದು ದಿನಕ್ಕೆ ಜಮಖಂಡಿ ಬಸ್ಸು ಹತ್ತಿದಿರಿ. ನಾಲ್ಕು ದಿನ ಇದ್ದು ಬರಲಿ ಅಂತ ನಾನೂ ಸುಮ್ಮನಿದ್ದೆ. ಹತ್ತು ತಿಂಗಳಾಯಿತು.

ಹೋದ ವಾರ ಆ ದೂಜಣ್ಣನೇ ಕೋಲು ಊರಿಕೊಂಡು ಎರಡು ಮಹಡಿ ಹತ್ತಿ ಬಂದರು. ಚಹಾ ಕೊಡುವ ಮೊದಲೇ, "ಎಂತ ಮೇಡಂ, ಈ ವರ್ಷ ಮಳೆಗಾಲದ ಪತ್ರ ಇಲ್ಲವಾ? ಪತ್ರ ಕೊಡದಿದ್ರೆ ಯಾರೂ ಬರುದಿಲ್ಲ" ಅಂದರು. ಸಾಹೇಬರು ಊರಲ್ಲಿದ್ದಾರೆ ಅಂದೆ. "ಹಾಗಾದ್ರೆ ನೀವು ಬರೀರಿ" ಅಂತ ಕೂತೇಬಿಟ್ಟರು. ಮೂರು ಹಾಳೆ ಹರಿದೆ. ಕೊನೆಗೆ ಬರೆದದ್ದು ಇಷ್ಟು: "ಗೆಳೆಯರೇ, ಮಳೆ ಬಂದಿದೆ. ದೂರ ಹೋಗಬೇಡಿ. ನಿಮ್ಮ ಕಿಟಕಿ, ನಿಮ್ಮ ಸ್ಟೇಷನ್, ಕೊಡೆ ಹಿಡಿದು ಹಾಲಿಗೆ ಹೋಗುವ ನೆರೆಯವರು ಸಾಕು. ಚಿತ್ರ ಮಸುಕಾದರೆ ಆಗಲಿ. ಒಬ್ಬರೇ ಮನೆಯಲ್ಲಿ ಕೂಡಬೇಡಿ, ಭಾನುವಾರ ಬನ್ನಿ." ಕೊನೆಯ ಮಾತು ಸದಸ್ಯರಿಗೆ ಬರೆದೆನೋ ನನಗೇ ಬರೆದುಕೊಂಡೆನೋ ತಿಳಿಯದು.

ಭಾನುವಾರ ಐದು ಜನ ಬಂದರು. ಕಾಲೇಜಿನ ಹುಡುಗಿ ಯಕ್ಷಿತಾ, "ಆಂಟಿ, ಲೆಟರ್ ಮಮ್ಮಿ ಓದಿ ಹೇಳಿದ್ಲು, ಮಸ್ತ್ ಇದೆ" ಅಂತ ಕೈ ಹಿಡಿದುಕೊಂಡಳು. ಎಲ್ಲರೂ ಮಾಟುಂಗ ರೋಡ್ ಸ್ಟೇಷನ್ನಿನ ಬ್ರಿಜ್ ಮೇಲೆ ನಿಂತೆವು. ನಿಮ್ಮ ಚಿಕ್ಕ ಕ್ಯಾಮೆರಾ ನಾನು ಒಯ್ದಿದ್ದೆ, ಸಿಟ್ಟಾಗಬೇಡಿ. ಒಂದು ಭುಜ ಓರೆ ಮಾಡಿ ನಿಮ್ಮ ಹಾಗೇ ನಡೆದು ಬರುತ್ತಿದ್ದವರನ್ನು ಕಂಡು ಬಟನ್ ಒತ್ತಿಬಿಟ್ಟೆ. ಹತ್ತಿರ ಬಂದಾಗ ಬೇರೆ ಯಾರೋ. ಚಿತ್ರ ಅಳಿಸಿಲ್ಲ. ಆಮೇಲೆ ಕಾಫಿ ಕುಡಿದು ಅವರವರು ಅವರವರ ಲೋಕಲ್ ಹಿಡಿದರು. ಮನೆಗೆ ಬಂದು ಬೀಗಕ್ಕೆ ಕೈ ಹಚ್ಚಿ, ಒಳಗೆ ಯಾರಾದರೂ ಕೆಮ್ಮಿಯಾರು ಅಂತ ಸ್ವಲ್ಪ ಹೊತ್ತು ನಿಂತೆ.

ಅಕ್ಕನಿಗೆ ನನ್ನ ನಮಸ್ಕಾರ ಹೇಳಿ. ಒದ್ದೆ ಅಂಗಳದಲ್ಲಿ ಚಪ್ಪಲಿ ಇಲ್ಲದೆ ಓಡಾಡಬೇಡಿ. ನೀವು ಚೆನ್ನಾಗಿದ್ದರೆ ನನಗೆ ಅಷ್ಟೇ ಸಾಕು ಅಂತ ಬರೆಯಬೇಕು, ಸಾಲುವುದಿಲ್ಲ.

ನಿಮ್ಮ
ಶೈಲಾ

ತಾ.ಕ.: ಅಂಟಿಸಿದ ಕವರು ಬಿಡಿಸಿ ಇದನ್ನು ಬರೆಯುತ್ತಿದ್ದೇನೆ. ಯಾರಿಗೂ ಹೇಳುವುದಿಲ್ಲವೆಂದು ದೂಜಣ್ಣನಿಗೆ ಮಾತು ಕೊಟ್ಟಿದ್ದೆ, ಮುರಿಯುತ್ತಿದ್ದೇನೆ. ಅವತ್ತು ಪತ್ರ ಬರೆದು, ತಪ್ಪಿದ್ದರೆ ಹೇಳಿ ಅಂತ ಅವರ ಕೈಗೆ ಕೊಟ್ಟೆ. ಬಹಳ ಹೊತ್ತು ನೋಡಿ, "ಭಾರಿ ಚಂದ ಉಂಟು, ಸಾರ್ ಬರೆದ ಹಾಗೇ" ಅಂದರು. ನಾನು ಗಡಿಬಿಡಿಯಲ್ಲಿ ಕೊಟ್ಟದ್ದು ಕಿರಾಣಿ ಚೀಟಿ, ರೀ! ನನ್ನ ಮುಖ ನೋಡಿ ಅವರು ತಲೆ ತಗ್ಗಿಸಿದರು. ಚಿಕ್ಕಂದಿನಲ್ಲೇ ಹೋಟೆಲ್ ಕೆಲಸಕ್ಕೆ ಬಂದವರು, ಅಕ್ಷರ ಕಲಿತೇ ಇಲ್ಲ. "ಸಾರ್ ಅಷ್ಟು ಪ್ರೀತಿಯಿಂದ ಕೊಡ್ತಾರೆ, ಓದ್ಲಿಕ್ಕೆ ಬರುದಿಲ್ಲ ಅಂತ ಹೇಗೆ ಹೇಳುದು?" ಅಂದರು. ಆ ದಿನ ಬಾಂದ್ರಾಕ್ಕೆ ಹೋದದ್ದು, ಮದುವೆಯ ಹೊಸದರಲ್ಲಿ ಹೆಂಡತಿಯ ಜೊತೆ ಕೂತಿದ್ದ ಬಂಡೆ ನೋಡಲು; ಅವತ್ತು ಆಕೆ ತೀರಿಕೊಂಡ ತಾರೀಖು. ನಿಮ್ಮ ಪತ್ರದಲ್ಲಿ ಸಮುದ್ರದ ಮಾತಿತ್ತೆಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ನೀವು ಯಾಕೆ ಹೋದಿರೆಂದೂ ಗೊತ್ತಿಲ್ಲ. ಬಂದಾಗ ಅವರ ಎದುರು ಏನೂ ತಿಳಿಯದವರ ಹಾಗೆ ಇರಿ. ಆದರೆ ಬನ್ನಿ.