ಗ್ರೀಟಾ ಹಳ್ಳಕ್ಕೆ ಹೋದ ನೀರು

ಸೆಪ್ಟೆಂಬರ್ 12, ಮಂಗಳವಾರ, ಬೆಳಿಗ್ಗೆ
ಕಾಫಿ ಎರಡು ಲೋಟ. ಮೊಣಕಾಲು ನೋವು ಹಾಗೇ. ಬುಲ್ಡೋಜರಿಗೆ ಗ್ರೀಸ್ ಹೊಡೆದೆ. ಆಮೇಲೆ ಅರ್ಜಿ. ಅಪ್ಪನ ಹಳೇ ಹೊಲದಲ್ಲಿ ಇಪ್ಪತ್ತೆರಡು ಮನೆ ಏಳುತ್ತವೆ. ಮಣ್ಣು ಕೆಲಸದ ಗುತ್ತಿಗೆ ನನ್ನದು. ಕೆಲಸದ ಜಾಗದ ಮಳೆನೀರು ಎಲ್ಲಿಗೆ ಹೋಗುತ್ತದೆಂದು ರಾಜ್ಯದ ರಾಜಧಾನಿ ಒಲಿಂಪಿಯಾದ ಸರ್ಕಾರಿ ಕಚೇರಿಗೆ ಬರೆದು ತಿಳಿಸದೆ ಒಂದು ಸಲಿಕೆ ಮಣ್ಣೂ ಎತ್ತುವಂತಿಲ್ಲ. ಮನೆ ಕಟ್ಟಿಸುವವರು ತಮ್ಮ ಎಂಜಿನಿಯರ್ ಕೈಲಿ ತುಂಬಿಸು ಎಂದರು. ಯಾಕೆ? ಎರಡು ಕೋಣೆಯ ಶಾಲೆಯಲ್ಲಿ ಎಂಟು ವರ್ಷ ಓದಿದ ವೀಬೆ ವೆಲ್ಡ್‌ಕಾಂಪ್ ಎಂಬ ನನಗೆ ಕೈ ಇಲ್ಲವೇ? ಆ ಹೊಲದ ನೀರಿನ ನಡೆ ನನಗಿಂತ ಬಲ್ಲವನು ಈ ಕೌಂಟಿಯಲ್ಲಿ ಹುಟ್ಟಿಲ್ಲ.

ಅದೇ ದಿನ, ಮಧ್ಯಾಹ್ನ
ಪುಟ 4. ನೀರು ಎಲ್ಲಿಗೆ? ಎರಡು ಚೌಕ. ಒಂದು — ಪೂರ್ತಿ ನೆಲದಲ್ಲೇ ಇಂಗುತ್ತದೆ. ಇನ್ನೊಂದು — ಹಳ್ಳ, ಹೊಳೆ, ಕೆರೆ ಸೇರುತ್ತದೆ. ಎರಡನೆಯದಕ್ಕೆ ಗುರುತು ಹಾಕಿದರೆ ಹೆಸರು ಬರೆ, ದೂರ ಬರೆ, ವಾರವಾರ ನೀರನ್ನು ಬಾಟಲಿಗೆ ಹಿಡಿದು ಎಷ್ಟು ಕದಡಿದೆ ಅಳೆ. ಕೆಳಗೆ ಸಣ್ಣಕ್ಷರ: ನಕ್ಷೆಯಲ್ಲಿ ಹೆಸರಿಲ್ಲದಿದ್ದರೆ ಊರವರು ಕರೆಯುವ ಹೆಸರು ಬರೆಯಿರಿ.
ನಗು ಬಂತು. ನಮ್ಮವರು ಕರೆಯುವುದು ಗ್ರೀಟಾ ಹಳ್ಳ ಎಂದು. ತಂಗಿ ಗ್ರೀಟಾ ನಾಲ್ಕು ವರ್ಷದವಳು ಅದರೊಳಗೆ ಬಿದ್ದಳು, ಎತ್ತಿದವನು ನಾನು. ಎಷ್ಟು ಸಲ ಹೇಳಿದ್ದೇನೋ. ಸಾಯುವ ವಾರವೂ ಅವಳು, "ಶುರುವಾಯ್ತು ನೋಡು ಅಣ್ಣಂದು" ಎಂದಿದ್ದಳು.
ಹೊಲದ ನೀರು ಬಸಿಯಲೆಂದು ಅಪ್ಪನೂ ನಾನೂ ಹೂತ ಸುಟ್ಟಮಣ್ಣಿನ ಕೊಳವೆ ಆ ಹಳ್ಳಕ್ಕೇ ಬೀಳುತ್ತದೆ. ಬೀಳುತ್ತಿತ್ತು. ನನಗಾಗ ಹನ್ನೊಂದು. ಐವತ್ತೆರಡು ವರ್ಷವಾಯಿತು. ಬೇರು ತುಂಬಿ ಸತ್ತಿರುತ್ತದೆ ಬಿಡು. ಯಾವ ನಕ್ಷೆಯಲ್ಲೂ ಇಲ್ಲ.
ಮೊದಲ ಚೌಕಕ್ಕೆ ಗುರುತು. ಸುಳ್ಳಾದರೆ ಶಿಕ್ಷೆ, ಇತ್ಯಾದಿ... ಸಹಿ. ದಪ್ಪಗೆ.

ಸೆಪ್ಟೆಂಬರ್ 17, ಭಾನುವಾರ
ಚರ್ಚ್ ಆದ ಮೇಲೆ ಗೆಸೀನಾ ಮನೆಯಲ್ಲಿ ಊಟ. ಗ್ರೀಟಾಳ ಮಗಳು. ಗಂಡ ಹೋಗಿ ಎರಡು ವರ್ಷ, ಅವನು ಬಿಟ್ಟುಹೋದ ಟ್ರೌಟ್ ಮೀನಿನ ಕೊಳಗಳನ್ನು ಒಬ್ಬಳೇ ನಡೆಸುತ್ತಿದ್ದಾಳೆ. ನೀರು ಗ್ರೀಟಾ ಹಳ್ಳದ್ದು. ಈ ಸಲ ಮೊದಲ ಬಾರಿ ತಾನೇ ಮೊಟ್ಟೆ ತರಿಸಿ ಮರಿ ಮಾಡಿಸುತ್ತಾಳಂತೆ. ನಲವತ್ತು ಸಾವಿರ ಮೊಟ್ಟೆ. ಇದೂ ಕೈಕೊಟ್ಟರೆ ಮಾರಿಬಿಡುತ್ತಾಳಂತೆ.
ಊಟಕ್ಕೆ ಕೂತು ಕೊಳವೆ ಕಥೆ ತೆಗೆದೆ. ಮೊಣಕಾಲುದ್ದ ಕೆಸರು, ನಾನೂ ಅಪ್ಪನೂ, ಬರಿಗೈ—
"ಒಂದೊಂದೇ ತುಂಡು ಜೋಡಿಸಿದ್ದು, ನೂರು ವರ್ಷ ಬಾಳತ್ತೆ!" ಗೆಸೀನಾ ನನ್ನದೇ ದನಿ ತೆಗೆದು ಮುಗಿಸಿದಳು. "ನಂಗೆ ಬಾಯಿಪಾಠ ಮಾಮ."
"ಬಾಳತ್ತೆ ಮತ್ತೆ! ಯಾರ ಕೆಲ್ಸ ಅಂದ್ಕೊಂಡೆ?"
"ಮೇಲ್ಗಡೆ ನೀನು ಮಣ್ಣು ಬಗೆದ್ರೆ ನನ್ನ ಮರಿಗೇನೂ ಆಗಲ್ಲ ತಾನೇ?"
"ನಾನಿರೋವಾಗ್ಲಾ?"
ಆಲೂಗಡ್ಡೆ ಇನ್ನೊಂದು ಸಲ ಬಡಿಸಿಕೊಂಡೆ. ಅರ್ಜಿಯಲ್ಲಿ ಸತ್ತ ಕೊಳವೆ ಊಟದ ಮೇಜಿನ ಮೇಲೆ ಬದುಕಿತ್ತು. ಇರಲಿ. ಮಾತಿಗೆ.

ನವೆಂಬರ್ 16
ಪರ್ಮಿಟ್ ಬಂತು! ಒಂದು ಪ್ರಶ್ನೆಯೂ ಇಲ್ಲ. ಎಂಜಿನಿಯರಿಗೆ ಫೋನ್ ಮಾಡಿ, "ನಿಮ್ಮ ಕಾಲೇಜಲ್ಲಿ ನಾನು ಪಾಠ ಹೇಳ್ಲೇನ್ರೀ?" ಎಂದೆ. ಅವನು ನಗಲಿಲ್ಲ.

ನವೆಂಬರ್ 21
ನೀರು ಇಂಗಲೆಂದು ಹೊಂಡ ತೋಡುತ್ತಿದ್ದೆ. ಎಂಟಡಿ ಆಳಕ್ಕೆ ಅಗೆಯುವ ಯಂತ್ರದ ಬಕೆಟ್ಟಿನಲ್ಲಿ ಸುಟ್ಟಮಣ್ಣಿನ ಕೆಂಪು ಚೂರು. ಇಳಿದು ನೋಡಿದೆ. ಒಡೆದ ಕೊಳವೆಯ ಬಾಯಿಯೊಳಗೆ ಬೇರಿಲ್ಲ. ಕೈ ಇಟ್ಟೆ. ತಣ್ಣಗೆ, ತೆಳ್ಳಗೆ ನೀರು ಹರಿಯುತ್ತಿದೆ. ಅಪ್ಪನ ಬೆರಳಿನ ಗುರುತು ಒಂದು ಜೋಡಣೆಗೆ ಮೆತ್ತಿದ ಗಾರೆಯ ಮೇಲೆ ಇನ್ನೂ ಇದೆ. ಅಪ್ಪನದೋ, ನನ್ನದೋ.
ಕೆಲಸ ನಿಲ್ಲಿಸಿ ಕಚೇರಿಗೆ ತಿಳಿಸಬೇಕು. ತಿಳಿಸಿದರೆ ಪುಟ 4 ಮತ್ತೆ ತೆರೆಯುತ್ತದೆ. ಗೋಣಿಚೀಲ ತುರುಕಿ, ಜೇಡಿಮಣ್ಣು ಬಡಿದು ಮುಚ್ಚಿದೆ. ಗಟ್ಟಿಯಾಗಿದೆ. ನಾನು ಮುಚ್ಚಿದ್ದು.

ಡಿಸೆಂಬರ್ 2, ಶನಿವಾರ
ಮೂರು ದಿನದಿಂದ ಬಿಟ್ಟೂಬಿಡದೆ ಮಳೆ. ಹೊಂಡ ಮುಕ್ಕಾಲು. ನೀರು ಕಾಫಿಗೆ ಹಾಲು ಬೆರೆಸಿದ ಹಾಗೆ. ಪಂಪ್ ತರಬೇಕು. ನಾಳೆ ಭಾನುವಾರ. ಸೋಮವಾರ ನೋಡೋಣ.

ಡಿಸೆಂಬರ್ 3, ಭಾನುವಾರ
ನಮ್ಮಲ್ಲಿ ಭಾನುವಾರ ಯಂತ್ರ ಮುಟ್ಟುವುದಿಲ್ಲ. ಅಪ್ಪ ಹುಲ್ಲು ಕೊಳೆತರೂ ಮುಟ್ಟಿರಲಿಲ್ಲ. ಪಾದ್ರಿಯ ಮಾತಿಗಿಂತ ಛಾವಣಿಯ ಮೇಲಿನ ಮಳೆ ಜೋರು. ಗೆಸೀನಾ ಮುಂದಿನ ಸಾಲಿನಿಂದ ತಿರುಗಿ ಪೆಪ್ಪರ್‌ಮಿಂಟ್ ಕೊಟ್ಟಳು. ಮರಿ ಚೆನ್ನಾಗಿವೆಯಂತೆ, ಬೆರಳ ಉಗುರಿನಷ್ಟು.

ಡಿಸೆಂಬರ್ 4, ಬೆಳಿಗ್ಗೆ 6:20
ಹೊಂಡ ಖಾಲಿ! ಒಂದೇ ರಾತ್ರಿಯಲ್ಲಿ. ಇಂಗುತ್ತದೆ ಎಂದು ಬರೆದಿರಲಿಲ್ಲವೇ? ಫೋಟೊ ತೆಗೆದು ಎಂಜಿನಿಯರಿಗೆ ಕಳಿಸಿದೆ. ಜೊತೆಗೆ ಟೋಪಿ ಎತ್ತುವ ಬೊಂಬೆಯ ಚಿತ್ರ.

6:40
ಟಾರ್ಚ್ ಹಾಕಿದೆ. ತಳದಲ್ಲಿ ಗೋಣಿಚೀಲ ಇಲ್ಲ. ಕೊಳವೆಯ ಬಾಯಿ ತೆರೆದಿದೆ.
ಫೋನ್ ಹೊಡೆದುಕೊಳ್ಳುತ್ತಿದೆ. ಗೆಸೀನಾ.

ಡಿಸೆಂಬರ್ 9
ಐದು ದಿನ ಬರೆದಿಲ್ಲ. ಸತ್ತ ಮರಿಗಳನ್ನು ಜರಡಿಯಲ್ಲಿ ಎತ್ತಿದೆವು, ಅವಳೂ ನಾನೂ. ಕಿವಿರಿನ ತುಂಬ ಜೇಡಿ. ಎರಡು ದಿನ ಬೇಕಾಯಿತು. ಅವಳು ಅಳಲಿಲ್ಲ, ಬೈಯಲೂ ಇಲ್ಲ.
ಇವತ್ತು ನನ್ನ ಶೆಡ್ಡಿಗೆ ಬಂದಳು. ಕೂರಲಿಲ್ಲ.
"ಇನ್‌ಸ್ಪೆಕ್ಟರಮ್ಮ ಬಂದಿದ್ರು ಮಾಮ. ಮೇಲ್ಗಡೆ ಕೆಲ್ಸದಿಂದ ಹಳ್ಳಕ್ಕೆ ದಾರೀನೇ ಇಲ್ಲ ಅಂತ ಅರ್ಜೀಲಿದ್ಯಂತೆ. ಕೆಸರು ಎಲ್ಲಿಂದ ಬಂತೋ ಗೊತ್ತಿಲ್ಲ ಅಂತ ಬರ್ಕೊಂಡು ಹೋದ್ರು."
"ಸತ್ತಿರತ್ತೆ ಅಂದ್ಕೊಂಡೆ ಕಣೇ."
"ನೂರು ವರ್ಷ ಬಾಳತ್ತೆ ಅಂತಿದ್ದೆ."
"ಅದು... ಹಾಗೇ ಮಾತಿಗೆ—"
"ನಾನು ನಂಬಿದ್ದೆ. ನೀನು ಅಷ್ಟು ಜಂಬ ಕೊಚ್ಚೋ ಕೊಳವೇನ ಅರ್ಜೀಲಿ ಬರೀದೆ ಇರಲ್ಲ ಅಂತ ಧೈರ್ಯವಾಗಿದ್ದೆ."
ಟೋಪಿ ತೆಗೆದು ಕೈಯಲ್ಲಿ ಹಿಡಿದೆ.
"ನಾನು ಬಾಯಿ ಬಿಡಲ್ಲ. ಅದು ಅಮ್ಮನ ಹಳ್ಳ. ಬರಿಯೋದಿದ್ರೆ ನೀನೇ ಬರಿ."
ಬಾಗಿಲ ಹತ್ತಿರ ನಿಂತು, ಕೊಳ ಮಾರುತ್ತೇನೆ ಎಂದಳು. ಮಾಮ ಎನ್ನಲಿಲ್ಲ.

ಡಿಸೆಂಬರ್ 12, ಮಂಗಳವಾರ
ಮೊಣಕಾಲು ಊದಿದೆ. ಕಾಫಿ ಆರಿದೆ. ಹೊಸ ಅರ್ಜಿ, ಪುಟ 4. ಲೈಸೆನ್ಸ್ ಹೋಗಬಹುದು, ಹೋಗಲಿ. ಎರಡನೇ ಚೌಕಕ್ಕೆ ಗುರುತು ಹಾಕಿದೆ. ನೀರು ಹೋಗುವ ದಾರಿ — ಹೂತ ಕೊಳವೆ, ನಾನೇ ಹೂತದ್ದು. ದೂರ — ಒಂಬೈನೂರು ಅಡಿ, ಹನ್ನೊಂದನೇ ವಯಸ್ಸಿನಲ್ಲಿ ಹೆಜ್ಜೆ ಹಾಕಿ ಅಳೆದದ್ದು ಇನ್ನೂ ನೆನಪಿದೆ.
ಇನ್ನು ಹೆಸರು. ಊರವರು ಕರೆಯುವ ಹೆಸರು. ಎತ್ತಿದವನು ನಾನು ಎಂದು ಬರೆಯಲು ಅಲ್ಲಿ ಜಾಗವಿಲ್ಲ. ಬೇಕಾಗಿಯೂ ಇಲ್ಲ. ಹೆಸರಷ್ಟೇ. ಅರ್ಜಿಯಲ್ಲಿ ಪೆನ್ನು ಮುಂದೆ ಹೋಗುತ್ತಿಲ್ಲ, ಮೊದಲು ಇಲ್ಲಿ ಬರೆದು ನೋಡುತ್ತೇನೆ—
ಗ್ರೀ