ಎರಡು ಬಿಳುಪು

ಸ್ಟುಡಿಯೋದ ಹಿಂದಿನ ಕೋಣೆ,
ಗುರುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಹೇಗಿದ್ದೀಯಾ? ಸೇತುವೆ ಕೆಲಸದ ಧೂಳಿಗೆ ಕೆಮ್ಮು ಹಿಡ್ಕೊಂಡಿತ್ತಲ್ಲ, ಬಿಟ್ಟಿತಾ? ಬಿಸಿಲಲ್ಲಿ ತಲೆಗೇನೂ ಹಾಕ್ಕೊಳ್ಳದೆ ನಿಂತಿರ್ತೀಯ ಅಂತ ನನಗೆ ಗೊತ್ತು, ಸುಳ್ಳು ಹೇಳ್ಬೇಡ. ನಾವಿಲ್ಲಿ ಚೆನ್ನಾಗಿದ್ದೀವಿ. ಫೋನ್ ಮಾಡೋದು ಬಿಟ್ಟು ಇವಳೇನು ಕಾಗದ ಬರೀತಾಳೆ ಅಂತ ನಗಬೇಡ. ಫೋನಲ್ಲಿ ಮಾತಾಡಿದ್ರೆ ನಿಮ್ಮಪ್ಪ ಪಕ್ಕದಲ್ಲೇ ಕೂತು, ಅದು ಹಾಗಲ್ಲ ಕಣೇ ಹೀಗೆ ಅಂತ ನನ್ನ ಒಂದೊಂದು ಮಾತನ್ನೂ ತಿದ್ದುತ್ತಾರೆ. ಕಾಗದದಲ್ಲಾದ್ರೆ ನನ್ನದೇ ರಾಜ್ಯ.

ಹೊಸ ಮಾನಿಟರ್ ತಗೊಂಡ್ವಿ. ತಗೊಳ್ಳೋ ಹೊತ್ತಿಗೆ ಸಾಕುಸಾಕಾಗಿ ಹೋಯ್ತು. ಎಲ್ಲಾ ಶುರುವಾಗಿದ್ದು ಪ್ರೆಸ್ಸಿನವರಿಂದ. ನನ್ನ ಬಲಗಣ್ಣಿನ ಪೊರೆ ತೆಗೆಸಿದ ಮೇಲೆ ಮೊದಲನೇ ಸಲ ಒಂದು ಮದುವೆ ಆಲ್ಬಮ್ಮಿನ ಬಣ್ಣ ತಿದ್ದಿ ಪ್ರಿಂಟಿಗೆ ಕಳಿಸಿದ್ದೆ. ಅದನ್ನ ಹಿಡ್ಕೊಂಡು ಅವರೇ ಬಂದುಬಿಟ್ರು. "ಅಮ್ಮಾ, ಹೆಣ್ಣಿಗೇನು ಕಾಮಾಲೇನಾ?" ಅಂದ್ರು. ನನ್ನ ಕಣ್ಣಿಗೆ ಅಂಥದ್ದೇನೂ ಕಾಣಲಿಲ್ಲ, ಆದ್ರೆ ನಿಮ್ಮಪ್ಪನೂ ನೋಡಿ, ಹೆಣ್ಣು, ಗಂಡು, ಬೀಗರು ಎಲ್ಲಾ ಹಳದಿ ಕಣೇ ಅಂದ್ರು. ಇಷ್ಟು ವರ್ಷದಲ್ಲಿ ನಾನು ತಿದ್ದಿದ ಒಂದು ಮುಖವೂ ವಾಪಸ್ ಬಂದದ್ದಿಲ್ಲ, ನಿನಗೇ ಗೊತ್ತಲ್ಲ. ನಾಚಿಕೆಯಿಂದ ಊಟ ಸೇರಲಿಲ್ಲ. ಆಮೇಲೆ ಸಿಟ್ಟು ಬಂತು, ಎಲ್ಲಾನೂ ಹಳೇ ಮಾನಿಟರ್ ಮೇಲೆ ಹಾಕಿದೆ. ಅದು ನೀಲಿ ತೋರಿಸ್ತಿದೆ, ಅದಕ್ಕೇ ನಾನು ಹಳದಿ ಸುರಿದಿದ್ದೀನಿ, ಬಿಸಾಕಿ ಅದನ್ನ ಅಂದೆ.

ಅಂಗಡಿಗೆ ಹೋದ್ರೆ ಎಲ್ಲಾ ಪರದೆಗಳೂ ಥಳಥಳ. ನಿಮ್ಮಪ್ಪನ ಮನಸ್ಸು ಒಂದು ಬಾಗಿದ ದೊಡ್ಡ ಪರದೆ ಮೇಲೆ, ಆಟ ನೋಡೋಕೆ. ಅದರಲ್ಲಿ ಟೊಮೇಟೊ ಕೂಡ ಲಿಪ್‌ಸ್ಟಿಕ್ ಹಚ್ಚಿಕೊಂಡ ಹಾಗಿತ್ತು. ಮಿಂಚೋದು ಬೇಡಪ್ಪಾ, ಇದ್ದದ್ದನ್ನ ಇದ್ದ ಹಾಗೆ ಹೇಳೋದು ಕೊಡು ಅಂದೆ ಅಂಗಡಿಯವನಿಗೆ. ದಪ್ಪಗಿನ ಮನುಷ್ಯ, ಪಾಪ, ಬಹಳ ತಾಳ್ಮೆ. ಹೊಳಪಿಲ್ಲದ ಒಂದನ್ನ ತೋರಿಸಿದ. ಪಕ್ಕದಿಂದ ನೋಡಿದ್ರೂ ಬಣ್ಣ ಬದಲಾಗಲ್ಲ, ಮೂಲೆಯಿಂದ ಮೂಲೆಗೆ ಒಂದೇ ಬೆಳಕು. ಮನೆಗೆ ತಗೊಂಡ್ಹೋಗಿ ನೋಡಿ ಅಂದ. ತಂದು, ನಮ್ಮ ಬೇಕರಿಯವರ ಮಗುವಿನ ಫೋಟೋ ತೆರೆದೆ. ಬಿಳೀ ಉಲ್ಲನ್ ಟೋಪಿ ಹಾಕಿರೋದು. ಆ ಟೋಪಿಯ ಬಿಳುಪು ನನಗೆ ಬಾಯಿಪಾಠ. ನೀಲಿ! ವಾಪಸ್ ಕಳಿಸಿದೆ. ಇನ್ನೊಂದು ಬಂತು, ಅದೂ ನೀಲಿ. ಮೂರನೇದೂ ಹಾಗೇ ಅಂದಾಗ ಪುಣ್ಯಾತ್ಮ ತಾನೇ ಬಂದ. ಅಂಗೈಯಷ್ಟು ದೊಡ್ಡ, ಬಣ್ಣ ಅಳೆಯೋ ಸಾಧನವೊಂದನ್ನ ಪರದೆಗೆ ತಗುಲಿಹಾಕಿ ಏನೇನೋ ಬಣ್ಣ ಓಡಿಸಿ, "ಪರದೆ ಸರಿಯಾಗೇ ಇದೆ ಅಮ್ಮಾ" ಅಂದ. ನನಗೆ ಮೈಯೆಲ್ಲಾ ಉರೀತು. "ನಾನು ಈ ಕೆಲಸಕ್ಕೆ ಕೂತಾಗ ನೀನಿನ್ನೂ ಹುಟ್ಟೇ ಇರಲಿಲ್ಲ ಕಣಪ್ಪಾ" ಅಂದುಬಿಟ್ಟೆ.

ಅವನು ಪ್ರಿಂಟರಿನಿಂದ ಒಂದು ಖಾಲಿ ಹಾಳೆ ತೆಗೆದು, ಕಿಟಕಿ ಬೆಳಕಿಗೆ ಹಿಡಿದು, ಇದು ಹೇಗೆ ಕಾಣುತ್ತಮ್ಮಾ ಅಂತ ಕೇಳಿದ. ಪುಟ್ಟಿ, ಹಾಳೆಯೂ ನೀಲಿ. ಕಾಗದಕ್ಕೇನು ರೋಗ ಬಂದಿರುತ್ತೆ ಹೇಳು? ನಿಮ್ಮಪ್ಪ ಮೆಲ್ಲಗೆ, "ಒಂದೊಂದೇ ಕಣ್ಣು ಮುಚ್ಚಿ ನೋಡೇ" ಅಂದ್ರು. ಬಲಗಣ್ಣು ಮುಚ್ಚಿದೆ, ಹಾಳೆ ಬೆಣ್ಣೆ ಬಣ್ಣಕ್ಕೆ ತಿರುಗ್ತು. ಎಡಗಣ್ಣು ಮುಚ್ಚಿದೆ, ಬೆಳದಿಂಗಳ ಹಾಗಾಯ್ತು. ಮತ್ತೆ ಮುಚ್ಚಿದೆ, ಮತ್ತೆ ತೆರೆದೆ. ಅಲ್ಲೇ ಕೂತುಬಿಟ್ಟೆ. ಅಂಗಡಿಯವನು ಗೋಡೆ ಕಡೆ ತಿರುಗಿ, ಸುತ್ತಿದ್ದ ತಂತಿಯನ್ನೇ ಬಿಚ್ಚಿ ಮತ್ತೆ ಸುತ್ತುತ್ತಾ ನಿಂತ. ಒಳ್ಳೇ ಮನುಷ್ಯ ಕಣೇ, ನಾನು ಅಳೋದನ್ನ ನೋಡಲೇ ಇಲ್ಲ.

ಡಾಕ್ಟರು ಹೇಳಿದ್ದು ಇಷ್ಟು. ವಯಸ್ಸಾಗ್ತಾ ಕಣ್ಣೊಳಗಿನ ಮಸೂರ ಹಳದಿಗೆ ತಿರುಗುತ್ತಂತೆ, ಎಷ್ಟು ನಿಧಾನ ಅಂದ್ರೆ ನಮಗೇ ಗೊತ್ತಾಗಲ್ಲ, ಮನಸ್ಸೇ ಸರಿಮಾಡ್ಕೊಂಡು ಬಿಳಿಯನ್ನ ಬಿಳಿ ಅನ್ನುತ್ತಂತೆ. ಈಗ ಹೊಸ ಮಸೂರ ಹಾಕಿದ ಬಲಗಣ್ಣು ತಿಳಿಯಾಗಿದೆ, ಎಡಗಣ್ಣು ಹಳೇದೇ, ಎರಡೂ ಜಗಳಕ್ಕೆ ಬಿದ್ದಿವೆ. ಎಡಗಣ್ಣೂ ಮಂಜಾಗ್ತಿದೆ, ಅದನ್ನೂ ಮಾಡಿಸಿಬಿಡಿ ಅಂದ್ರು. ನಾನು ಸುತರಾಂ ಆಗಲ್ಲ ಅಂದು ಎದ್ದು ಬಂದೆ. ನಿಮ್ಮಪ್ಪ ಎರಡು ದಿನ ಮಾತು ಬಿಟ್ರು. ಹಟಮಾರಿ ಅಂತಾರೆ. ಹಟ ಅಲ್ಲ ಪುಟ್ಟಿ, ಹೆದರಿಕೆ. ಬಲಗಣ್ಣಲ್ಲಿ ನೋಡಿದ್ರೆ ಈ ಕೋಣೆಯೇ ಬೇರೆ ಯಾರದ್ದೋ ಅನ್ನಿಸುತ್ತೆ. ಬಾಗಿಲ ಪರದೆ ಇಷ್ಟು ನೀಲಿ ಅಂತ ನೀನಾದ್ರೂ ಒಂದು ದಿನ ಹೇಳಬಾರದಿತ್ತಾ?

ಅಂತೂ ಆ ಹೊಳಪಿಲ್ಲದ ಮಾನಿಟರನ್ನೇ ಇಟ್ಕೊಂಡ್ವಿ, ಬಣ್ಣ ಅಳೆಯೋ ಸಾಧನವನ್ನೂ ತಗೊಂಡೆ. ಸದ್ಯಕ್ಕೆ ನಿಮ್ಮಪ್ಪನ ಕಣ್ಣು ಸಾಲ. ನಾನು ಮುಖ ತಿದ್ದುತ್ತೀನಿ, ಅವರು ಪಕ್ಕದಲ್ಲಿ ಕೂತು ಇನ್ನೊಂಚೂರು ಕೆಂಪು, ಸಾಕು ಸಾಕು ಅಂತಾರೆ, ಸಾರಿಗೆ ಉಪ್ಪು ಹಾಕಿಸೋ ಹಾಗೆ. ಆಲ್ಬಮ್ಮನ್ನ ಮೊದಲಿಂದ ತಿದ್ದಿ ಕಳಿಸಿದ್ವಿ. ಪ್ರೆಸ್ಸಿನವರು, ಈಗ ಹೆಣ್ಣಿನ ಮುಖಕ್ಕೆ ಕಳೆ ಬಂತು ಅಂದ್ರು. ನಿಮ್ಮಪ್ಪನ ಜಂಬ ಕೇಳ್ಬೇಡ, ಎಲ್ಲಾ ತಾವೇ ಮಾಡಿದ ಹಾಗೆ ಓಡಾಡ್ತಿದ್ದಾರೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಎತ್ತರದಲ್ಲಿ ನಿಂತಾಗ ಫೋನ್ ನೋಡ್ಬೇಡ. ನಿನ್ನ ಜೊತೆ ಕೆಲಸ ಮಾಡೋರಿಗೆಲ್ಲಾ ನಾನು ಕೇಳಿದೆ ಅಂತ ಹೇಳು. ನಿಮ್ಮಪ್ಪನ ಆಶೀರ್ವಾದವನ್ನೂ ಇದರಲ್ಲೇ ಸೇರಿಸಿದ್ದೀನಿ, ಅವರು ಬೇರೆ ಬರೆಯೋ ಪೈಕಿ ಅಲ್ಲ. ತಣ್ಣಗಿರು ಮಗಳೇ.

ನಿನ್ನ
ಅಮ್ಮ

ತಾ.ಕ.: ಮರೆತಿದ್ದೆ ಅಂತ ಬರೆದ್ರೆ ಸುಳ್ಳಾಗುತ್ತೆ, ಕಾಗದ ಬರೆದದ್ದೇ ಇದಕ್ಕೆ. ಎಡಗಣ್ಣಿಗೂ ಒಪ್ಕೊಂಡಿದ್ದೀನಿ. ಬರೋ ವಾರ ಶುಕ್ರವಾರ ಬೆಳಿಗ್ಗೆ. ಚಿಕ್ಕ ಆಪರೇಷನ್, ನೀನು ರಜೆ ಹಾಕೋದು ಬೇಡ ಅಂತಾರೆ ನಿಮ್ಮಪ್ಪ. ಆಪರೇಷನ್ನಿಗೆ ಬರಬೇಡ, ಸರಿ. ಅದಕ್ಕೆ ಮೊದಲು ಬಾ. ಬಲಗಣ್ಣು ಮಾಡಿಸಿದ ಮೇಲೆ ನೀನು ಮನೆಗೆ ಬಂದೇ ಇಲ್ಲ. ಹುಟ್ಟಿದಾಗಿಂದ ನಿನ್ನ ಮುಖ ಹೇಗಿದೆ ಅಂತ ಈಗ ಗೊತ್ತಿರೋದು ಈ ಎಡಗಣ್ಣೊಂದಕ್ಕೇ, ಶುಕ್ರವಾರ ಅದನ್ನೂ ಬದಲಾಯಿಸಿಬಿಡ್ತಾರೆ. ಒಂದೇ ಒಂದು ಸಾಯಂಕಾಲ ಕಿಟಕಿ ಹತ್ರ ನನ್ನೆದುರು ಕೂತ್ಕೋ ಪುಟ್ಟಿ. ಬಲಗಣ್ಣು ಮುಚ್ಕೊಂಡು ನಿನ್ನನ್ನ ನೋಡ್ಬೇಕು.