ಸೋಮವಾರ ಅವಳೊಬ್ಬಳೇ ಬರುತ್ತಾಳೆ

ಹಾಲ್ಕುರಿಕೆ,
ಶನಿವಾರ

ವನಜಾಕ್ಷಿ ಮೇಡಂ,

ನಾವು ತಿಪಟೂರಿಗೆ ಕೌನ್ಸೆಲಿಂಗಿಗೆ ಬಂದಾಗ, ತೀರಿಹೋದ ಮಗಳ ಬಗ್ಗೆ ಗಂಡ ಹೆಂಡತಿ ಬಾಯಿಬಿಟ್ಟು ಮಾತಾಡಿ ಎಂದಿದ್ದಿರಿ. ನಿನ್ನೆ ಸಂಜೆ ತೋಟದಲ್ಲಿ ಕೂತು, ಮಗು ಹೋದ ಮೇಲೆ ಮೊದಲ ಸಲ ನಾನು ಹಂಸಿಕಾಳ ಹೆಸರೆತ್ತಿದೆ. ಗಂಗಲಕ್ಷ್ಮಿ ಬಹಳ ಹೊತ್ತು ಅತ್ತಳು. ಆಮೇಲೆ, "ನಿಮ್ದೇನೂ ತಪ್ಪಿಲ್ಲ ಕಣ್ರೀ. ಆದ್ರೆ ಮಗಳ್ದೂ ನಿಮ್ದೇ ಮುಖ. ದಿನಾ ನೋಡ್ಕಂಡು ಬದ್ಕಕ್ಕಾಗಲ್ಲ, ನನ್ನ ಬುಟ್ಬುಡಿ" ಅಂದಳು.

ಇವತ್ತು ಬೆಳಿಗ್ಗೆ ನಾನೇ ಅವಳನ್ನು ಶೆಟ್ಟಿಕೆರೆಗೆ, ಅವಳ ಅಣ್ಣನ ಮನೆಗೆ ಬಿಟ್ಟು ಬಂದೆ. ದಾರಿಯುದ್ದಕ್ಕೂ ಬೈಕಿನ ಹಿಂದೆ ಕೂತು ನನ್ನ ಹೆಗಲು ಹಿಡಿದಿದ್ದಳು. ಇಳಿದ ಮೇಲೆ ತಲೆಯೆತ್ತಲಿಲ್ಲ.

ಸೋಮವಾರ ಅವಳೊಬ್ಬಳೇ ಬರುತ್ತಾಳೆ. ದಯವಿಟ್ಟು ರಾಜಿ ಮಾಡಿಸಬೇಡಿ. ಊಟ ಮಾಡುತ್ತಿದ್ದಾಳಾ ಕೇಳಿ. ನನ್ನನ್ನು ಬೇರೆ ದಿನ ಕರೆಯಿರಿ, ಕರೆಯದಿದ್ದರೂ ಸರಿ.

ನೀವು ಹೇಳಿದಂತೆ ಮಾಡಿದ,
ರಂಗರಾಜು